ಲೋಹ–ಆಮ್ಲ ಕ್ರಿಯೆಗಳ ಸಮೀಕರಣವನ್ನು ಸರಿದೂಗಿಸುವಿಕೆ

ಲೋಹ–ಆಮ್ಲ ಕ್ರಿಯೆಯ ಸಮೀಕರಣವನ್ನು ಸರಿದೂಗಿಸುವುದೆಂದರೆ, ಪ್ರತಿವರ್ತಕಗಳು ಮತ್ತು ಉತ್ಪನ್ನಗಳೆರಡರಲ್ಲೂ ಪ್ರತಿಯೊಂದು ಧಾತುವಿನ ಪರಮಾಣುಗಳ ಸಂಖ್ಯೆ ಸಮವಾಗುವಂತೆ ಬರೆಯುವುದು. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳು ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂಬ ದ್ರವ್ಯರಾಶಿ ಸಂರಕ್ಷಣಾ ನಿಯಮವೇ ಇದಕ್ಕೆ ಆಧಾರ. ಫ್ರಾನ್ಸಿನ ರಸಾಯನ ವಿಜ್ಞಾನಿ ಲಾವೋಸಿಯೆ 1789ರ ತಮ್ಮ ಗ್ರಂಥದಲ್ಲಿ ಈ ನಿಯಮವನ್ನು ನಿರೂಪಿಸಿದರು. ಕರ್ನಾಟಕದ ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ಈ ವಿಷಯವನ್ನು ಕಲಿಸಲಾಗುತ್ತದೆ.

ಸಾಮಾನ್ಯ ರೂಪ

ಕ್ರಿಯಾಶೀಲತಾ ಸರಣಿಯಲ್ಲಿ ಹೈಡ್ರೋಜನ್‌ಗಿಂತ ಮೇಲಿರುವ ಲೋಹಗಳು ಸಾರರಿಕ್ತ ಹೈಡ್ರೋಕ್ಲೋರಿಕ್ ಅಥವಾ ಸಲ್ಫ್ಯೂರಿಕ್ ಆಮ್ಲದೊಡನೆ ವರ್ತಿಸಿ ಲವಣ ಮತ್ತು ಹೈಡ್ರೋಜನ್ ಅನಿಲವನ್ನು ನೀಡುತ್ತವೆ.

* ಸತು + ಸಲ್ಫ್ಯೂರಿಕ್ ಆಮ್ಲ → ಸತುವಿನ ಸಲ್ಫೇಟ್ + ಹೈಡ್ರೋಜನ್
* ಮೆಗ್ನೀಸಿಯಂ + 2 ಹೈಡ್ರೋಕ್ಲೋರಿಕ್ ಆಮ್ಲ → ಮೆಗ್ನೀಸಿಯಂ ಕ್ಲೋರೈಡ್ + ಹೈಡ್ರೋಜನ್
* ಕಬ್ಬಿಣ + 2 ಹೈಡ್ರೋಕ್ಲೋರಿಕ್ ಆಮ್ಲ → ಫೆರಸ್ ಕ್ಲೋರೈಡ್ + ಹೈಡ್ರೋಜನ್

ಮೊದಲನೆಯ ಸಮೀಕರಣ ಇದ್ದಂತೆಯೇ ಸಮತೋಲನದಲ್ಲಿದೆ. ಉಳಿದೆರಡರಲ್ಲಿ ಲವಣದ ಒಂದು ಘಟಕಕ್ಕೆ ಎರಡು ಕ್ಲೋರಿನ್ ಬೇಕಾಗುವುದರಿಂದ ಆಮ್ಲದ ಎರಡು ಅಣುಗಳು ಅಗತ್ಯ.

ಸರಿದೂಗಿಸುವ ಕ್ರಮ

ಅಲ್ಯೂಮಿನಿಯಂ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಕ್ರಿಯೆಯನ್ನು ಪರಿಗಣಿಸಬಹುದು.

1. ಅಲ್ಯೂಮಿನಿಯಂ ಕ್ಲೋರೈಡ್‌ನ ಸೂತ್ರದಲ್ಲಿ ಮೂರು ಕ್ಲೋರಿನ್ ಇರುವುದರಿಂದ ಆಮ್ಲದ ಮುಂದೆ 3 ಬರೆಯಬೇಕು.
2. ಆಗ ಎಡಬದಿಯಲ್ಲಿ ಹೈಡ್ರೋಜನ್ ಪರಮಾಣುಗಳು ಮೂರು. ಆದರೆ ಹೈಡ್ರೋಜನ್ ಅನಿಲದ ಅಣುವಿನಲ್ಲಿ ಎರಡು ಪರಮಾಣುಗಳಿರುತ್ತವೆ. ಮೂರು ಮತ್ತು ಎರಡರ ಲಘುತಮ ಸಾಮಾನ್ಯ ಅಪವರ್ತ್ಯ ಆರು. ಆದ್ದರಿಂದ ಆಮ್ಲದ ಮುಂದೆ 6, ಹೈಡ್ರೋಜನ್ ಮುಂದೆ 3 ಬರುತ್ತದೆ.
3. ಆರು ಕ್ಲೋರಿನ್‌ಗೆ ಲವಣದ ಎರಡು ಘಟಕಗಳು, ಅವುಗಳಿಗೆ ಎರಡು ಅಲ್ಯೂಮಿನಿಯಂ ಬೇಕು.

2 ಅಲ್ಯೂಮಿನಿಯಂ + 6 ಹೈಡ್ರೋಕ್ಲೋರಿಕ್ ಆಮ್ಲ → 2 ಅಲ್ಯೂಮಿನಿಯಂ ಕ್ಲೋರೈಡ್ + 3 ಹೈಡ್ರೋಜನ್

ಸಾಮಾನ್ಯ ದೋಷ

ಸರಿದೂಗಿಸುವಾಗ ಸೂತ್ರದ ಮುಂದಿನ ಗುಣಾಂಕವನ್ನು ಮಾತ್ರ ಬದಲಿಸಬೇಕು. ಸೂತ್ರದೊಳಗಿನ ಕಿರುಸಂಖ್ಯೆಯನ್ನು ಬದಲಿಸಿದರೆ ವಸ್ತುವೇ ಬದಲಾಗುತ್ತದೆ. ನೀರಿನ ಸೂತ್ರಕ್ಕೆ ಇನ್ನೊಂದು ಆಕ್ಸಿಜನ್ ಸೇರಿಸಿದರೆ ಅದು ನೀರಾಗಿ ಉಳಿಯದೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ.

ಅಪವಾದಗಳು

ಸಮೀಕರಣ ಸರಿದೂಗಿದ ಮಾತ್ರಕ್ಕೆ ಆ ಕ್ರಿಯೆ ನಡೆಯುತ್ತದೆ ಎನ್ನಲಾಗದು. ತಾಮ್ರ, ಬೆಳ್ಳಿ ಮತ್ತು ಚಿನ್ನ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಿಂದ ಹೈಡ್ರೋಜನನ್ನು ಬಿಡುಗಡೆ ಮಾಡುವುದಿಲ್ಲ. ಹುಣಸೆಹಣ್ಣಿನಿಂದ ಉಜ್ಜಿದ ತಾಮ್ರದ ಬಿಂದಿಗೆ ಹೊಳೆಯುವುದು, ಹಣ್ಣಿನ ಆಮ್ಲ ಮೇಲ್ಮೈಯ ಆಕ್ಸೈಡ್ ಪದರವನ್ನು ಕರಗಿಸುವುದರಿಂದ. ಅಲ್ಲಿ ಹೈಡ್ರೋಜನ್ ಹೊಮ್ಮುವುದಿಲ್ಲ.

ನೈಟ್ರಿಕ್ ಆಮ್ಲ ಪ್ರಬಲ ಉತ್ಕರ್ಷಣಕಾರಿಯಾದ್ದರಿಂದ ಸಾಮಾನ್ಯವಾಗಿ ಹೈಡ್ರೋಜನ್ ಬದಲು ನೈಟ್ರೋಜನ್‌ನ ಆಕ್ಸೈಡ್‌ಗಳು ದೊರೆಯುತ್ತವೆ. ಅತಿ ಸಾರರಿಕ್ತ ಆಮ್ಲದೊಡನೆ ಮೆಗ್ನೀಸಿಯಂ ಮತ್ತು ಮ್ಯಾಂಗನೀಸ್ ಮಾತ್ರ ಹೈಡ್ರೋಜನ್ ನೀಡುತ್ತವೆ. ಸಾರರಿಕ್ತ ಆಮ್ಲದೊಡನೆ ತಾಮ್ರದ ಕ್ರಿಯೆ ಹೀಗಿದೆ:

3 ತಾಮ್ರ + 8 ನೈಟ್ರಿಕ್ ಆಮ್ಲ → 3 ತಾಮ್ರದ ನೈಟ್ರೇಟ್ + 2 ನೈಟ್ರಿಕ್ ಆಕ್ಸೈಡ್ + 4 ನೀರು

ತಾಳೆ ನೋಡುವಿಕೆ

65.4 ಗ್ರಾಂ ಸತು 73 ಗ್ರಾಂ ಹೈಡ್ರೋಜನ್ ಕ್ಲೋರೈಡ್‌ನೊಡನೆ ಪೂರ್ಣವಾಗಿ ವರ್ತಿಸಿದಾಗ 136.4 ಗ್ರಾಂ ಸತುವಿನ ಕ್ಲೋರೈಡ್ ಮತ್ತು 2 ಗ್ರಾಂ ಹೈಡ್ರೋಜನ್ ಉಂಟಾಗುತ್ತವೆ. ಎರಡೂ ಬದಿಯ ಮೊತ್ತ 138.4 ಗ್ರಾಂ. ತೆರೆದ ಪಾತ್ರೆಯಲ್ಲಿ ತೂಕ ಇಳಿದಂತೆ ಕಾಣುವುದು ಹೈಡ್ರೋಜನ್ ಹೊರಹೋಗುವುದರಿಂದ. ಈ ಅನಿಲ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಪ್ರಯೋಗವನ್ನು ಶಿಕ್ಷಕರ ಮೇಲ್ವಿಚಾರಣೆಯಲ್ಲಿಯೇ ನಡೆಸಬೇಕು.