ಪದೇಪದೇ ಕೈಕೊಡುವ ಬೈಕ್ ಬ್ಯಾಟರಿ: ದೋಷ ಎಲ್ಲಿ, ಪರಿಹಾರ ಏನು?

ಮೈಸೂರು: ಬೆಳಗಿನ ಎಂಟೂವರೆ ಗಂಟೆ. ಸರಸ್ವತಿಪುರಂನ ಅಡ್ಡರಸ್ತೆಗಳಲ್ಲಿ ಕಾಲೇಜಿಗೆ, ಕಚೇರಿಗೆ ಹೊರಡುವವರ ಅವಸರ. ಸೆಲ್ಫ್ ಗುಂಡಿ ಒತ್ತಿದರೆ ‘ಟಕ್ ಟಕ್’ ಸದ್ದಷ್ಟೇ. ಎಂಜಿನ್ ಮಾತ್ರ ಮೌನ. ತಳ್ಳಿ ಸ್ಟಾರ್ಟ್ ಮಾಡಿ ಹೇಗೋ ಗ್ಯಾರೇಜ್ ಮುಟ್ಟಿದರೆ ‘ಬ್ಯಾಟರಿ ಡೌನ್ ಆಗಿದೆ, ಹೊಸದು ಹಾಕಿಸಿ’ ಎಂಬ ಉತ್ತರ. ಹೊಸ ಬ್ಯಾಟರಿಯೂ ಎರಡು ತಿಂಗಳಲ್ಲಿ ಅದೇ ಹಾದಿ ಹಿಡಿದಾಗಲೇ ಸವಾರನಿಗೆ ಅನುಮಾನ ಮೂಡುವುದು: ದೋಷ ಬ್ಯಾಟರಿಯದೋ, ಬೈಕಿನದೋ?

ಬ್ಯಾಟರಿ ಎಂಬುದು ನೀರಿನ ತೊಟ್ಟಿಯಿದ್ದಂತೆ. ತೊಟ್ಟಿ ಬರಿದಾಗಲು ಮೂರೇ ಕಾರಣ: ತೊಟ್ಟಿಯೇ ಶಿಥಿಲವಾಗಿರಬೇಕು, ತುಂಬುವ ನಲ್ಲಿ ಕೆಟ್ಟಿರಬೇಕು, ಇಲ್ಲವೇ ಎಲ್ಲೋ ಸೋರಿಕೆ ಇರಬೇಕು. ಈ ಮೂರನ್ನೂ ಕ್ರಮವಾಗಿ ಪರೀಕ್ಷಿಸದೆ ತೊಟ್ಟಿಯನ್ನಷ್ಟೇ ಬದಲಿಸುತ್ತ ಹೋದರೆ ಹಣವೂ ಪೋಲು, ಸಮಯವೂ ಪೋಲು. ಪರೀಕ್ಷೆಗೆ ಬೇಕಾದದ್ದು ಒಂದು ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಮತ್ತು ಅರ್ಧ ದಿನದ ತಾಳ್ಮೆ.

ಮೊದಲು ಕಣ್ಣಿಗೆ ಕಾಣುವುದು

ಬ್ಯಾಟರಿಯ ಟರ್ಮಿನಲ್‌ಗಳ ಮೇಲೆ ಬಿಳಿ ಅಥವಾ ಹಸಿರು ಬಣ್ಣದ ಪುಡಿ ಕಟ್ಟಿದ್ದರೆ ವಿದ್ಯುತ್ತಿನ ಹರಿವಿಗೆ ಅದೇ ಅಡ್ಡಿ. ಸ್ಕ್ರೂ ಸಡಿಲವಾಗಿದ್ದರೂ ಇದೇ ತೊಂದರೆ. ಮೊದಲು ನೆಗೆಟಿವ್ ತಂತಿ, ಆಮೇಲೆ ಪಾಸಿಟಿವ್ ತಂತಿ ಬಿಚ್ಚಬೇಕು. ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದ ಹಳೆಯ ಬ್ರಷ್‌ನಿಂದ ಟರ್ಮಿನಲ್ ಉಜ್ಜಿ, ಒಣಗಿಸಿ, ಬಿಗಿಯಾಗಿ ಜೋಡಿಸಿದ ನಂತರ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಸಾಕು.

ಆಯುಧಪೂಜೆಯ ದಿನ ಒತ್ತಡದ ನೀರಿನಲ್ಲಿ ಬೈಕ್ ತೊಳೆಯುವುದು ಮೈಸೂರಿನ ಮನೆಮನೆಯ ರೂಢಿ. ಆಗ ಸೀಟಿನ ಕೆಳಗಿನ ಕನೆಕ್ಟರ್‌ಗಳಿಗೆ ನುಗ್ಗಿದ ನೀರು ತುಕ್ಕು ಹಿಡಿಸಿ, ವಾರಗಳ ನಂತರ ತೊಂದರೆ ಕೊಡುವುದುಂಟು. ಹಬ್ಬದ ನಂತರ ಕಾಣಿಸಿಕೊಂಡ ದೋಷವಾದರೆ ಕನೆಕ್ಟರ್‌ಗಳನ್ನು ಬಿಚ್ಚಿ ನೋಡುವುದು ಒಳಿತು.

ತೊಟ್ಟಿಯ ಪರೀಕ್ಷೆ

ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿಸಿ, ಬೈಕಿಗೆ ಜೋಡಿಸದೆ ಕೆಲವು ಗಂಟೆ ಬಿಡಬೇಕು. ಆರು ಕೋಶಗಳ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಆರೋಗ್ಯವಾಗಿದ್ದರೆ ಮಲ್ಟಿಮೀಟರ್ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. 12.4 ಇದ್ದರೆ ಸುಮಾರು ಮುಕ್ಕಾಲು ಭಾಗ ತುಂಬಿದೆ ಎಂದರ್ಥ. 12ಕ್ಕೆ ಇಳಿದರೆ ಬಹುತೇಕ ಬರಿದು. ಬಿಚ್ಚಿಟ್ಟ ಬ್ಯಾಟರಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ತಾನಾಗಿಯೇ 12ಕ್ಕೆ ಕುಸಿದರೆ ದೋಷ ಬ್ಯಾಟರಿಯ ಒಳಗೇ ಇದೆ.

ನಂತರ ಬೈಕಿಗೆ ಜೋಡಿಸಿ, ಸೆಲ್ಫ್ ಒತ್ತುತ್ತಿರುವಾಗ ಅಳತೆ ನೋಡಬೇಕು. ಪೂರ್ಣ ಚಾರ್ಜ್ ಆದ ಬ್ಯಾಟರಿಯ ವೋಲ್ಟೇಜ್ ಆ ಕ್ಷಣದಲ್ಲಿ 9.5ಕ್ಕಿಂತ ಕೆಳಗೆ ಬಿದ್ದರೆ ಅದಕ್ಕೆ ಭಾರ ಹೊರುವ ಶಕ್ತಿ ಉಳಿದಿಲ್ಲ. ಬರಿದಾದ ಸ್ಥಿತಿಯಲ್ಲೇ ವಾರಗಟ್ಟಲೆ ಬಿಟ್ಟ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಪದರವಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಮರಳುವುದು ವಿರಳ.

ನೀರು ಹಾಕುವ ಬಗೆಯ ಬ್ಯಾಟರಿಯಲ್ಲಿ ಮಟ್ಟ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಸೇರಿಸಬೇಕು. ನಲ್ಲಿ ನೀರಾಗಲಿ, ಆಸಿಡ್ ಆಗಲಿ ಸಲ್ಲದು. ಮುಚ್ಚಿದ ಬಗೆಯ ಬ್ಯಾಟರಿಯ ಮುಚ್ಚಳವನ್ನು ತೆಗೆಯಲೇಬಾರದು.

ನಲ್ಲಿಯ ಪರೀಕ್ಷೆ

ಎಂಜಿನ್ ತಿರುಗುವಾಗ ಮ್ಯಾಗ್ನೆಟ್ ಕಾಯಿಲ್‌ನಲ್ಲಿ ವಿದ್ಯುತ್ ಉತ್ಪಾದನೆಯಾಗುತ್ತದೆ. ಅದನ್ನು ನೇರ ವಿದ್ಯುತ್ತಾಗಿ ಪರಿವರ್ತಿಸಿ, ಮಿತಿಯಲ್ಲಿಟ್ಟು ಬ್ಯಾಟರಿಗೆ ಕಳುಹಿಸುವ ಕೆಲಸ ರೆಗ್ಯುಲೇಟರ್ ರೆಕ್ಟಿಫೈಯರ್‌ನದು. ಗ್ಯಾರೇಜುಗಳ ಮಾತಿನಲ್ಲಿ ಇದು ‘ಆರ್‌ಆರ್ ಯೂನಿಟ್’.

ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಮಧ್ಯಮ ಮಟ್ಟಕ್ಕೆ ಏರಿಸಿ ಬ್ಯಾಟರಿಯ ಮೇಲೆ ಅಳತೆ ತೆಗೆದರೆ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಮುಳ್ಳು 13ರ ಕೆಳಗೇ ನಿಂತರೆ ಕಾಯಿಲ್, ಆರ್‌ಆರ್ ಯೂನಿಟ್ ಅಥವಾ ನಡುವಿನ ವೈರಿಂಗ್ ಕೆಟ್ಟಿದೆ. 15 ದಾಟಿದರೆ ಅತಿಯಾದ ಚಾರ್ಜ್‌ನಿಂದ ಒಳಗಿನ ನೀರು ಕುದಿದು ಬ್ಯಾಟರಿ ಬೇಗ ಸಾಯುತ್ತದೆ. ಹೊಸ ಬ್ಯಾಟರಿಗಳು ಒಂದರ ಹಿಂದೊಂದು ಕೆಡಲು ಇದೂ ಕಾರಣ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಬಿಚ್ಚಿ ‘ಪರೀಕ್ಷಿಸುವ’ ಹಳೆಯ ಅಭ್ಯಾಸ ಇಂದಿನ ಬೈಕ್‌ಗಳ ಎಲೆಕ್ಟ್ರಾನಿಕ್ ಭಾಗಗಳಿಗೆ ಅಪಾಯಕಾರಿ.

ಸೋರಿಕೆಯ ಪತ್ತೆ

ಬ್ಯಾಟರಿಯೂ ಸರಿ, ಚಾರ್ಜಿಂಗ್ ಕೂಡ ಸರಿ, ಆದರೂ ನಿಲ್ಲಿಸಿದ ಬೈಕ್ ಮೂರ್ನಾಲ್ಕು ದಿನಗಳಲ್ಲಿ ಸ್ಟಾರ್ಟ್ ಆಗದಿದ್ದರೆ ಸೋರಿಕೆ ಖಚಿತ. ಕೀ ತೆಗೆದು, ನೆಗೆಟಿವ್ ತಂತಿ ಬಿಚ್ಚಿ, ಆ ತಂತಿ ಮತ್ತು ಟರ್ಮಿನಲ್ ನಡುವೆ 10 ಆಂಪಿಯರ್ ಶ್ರೇಣಿಯಲ್ಲಿಟ್ಟ ಮೀಟರ್ ಜೋಡಿಸಬೇಕು. ಈ ಸ್ಥಿತಿಯಲ್ಲಿ ಕೀ ತಿರುಗಿಸಿದರೆ ಅಥವಾ ಸೆಲ್ಫ್ ಒತ್ತಿದರೆ ಮೀಟರ್ ಸುಟ್ಟೀತು.

ಗಡಿಯಾರ, ನಿಯಂತ್ರಣ ಘಟಕಗಳಿರುವ ಬೈಕ್ ಕೆಲವು ಮಿಲಿಆಂಪಿಯರ್ ಎಳೆಯುವುದು ಸಹಜ. ಆದರೆ 50 ಮಿಲಿಆಂಪಿಯರ್ ಸೋರುತ್ತಿದ್ದರೆ ದಿನಕ್ಕೆ 1.2 ಆಂಪಿಯರ್ ಅವರ್ ನಷ್ಟ. 5 ಆಂಪಿಯರ್ ಅವರ್ ಬ್ಯಾಟರಿ ನಾಲ್ಕೇ ದಿನಕ್ಕೆ ಖಾಲಿ! ಮೊದಲು ಶಂಕಿಸಬೇಕಾದವು ಕಂಪನಿ ಅಳವಡಿಸದ ವಸ್ತುಗಳು: ಮೊಬೈಲ್ ಚಾರ್ಜರ್, ಕಳ್ಳರ ಅಲಾರಂ, ಜಿಪಿಎಸ್ ಟ್ರ್ಯಾಕರ್, ಹೆಚ್ಚುವರಿ ದೀಪ. ಒಂದೊಂದನ್ನೇ ಕಳಚುತ್ತ, ಆರ್‌ಆರ್ ಯೂನಿಟ್‌ನ ಕನೆಕ್ಟರನ್ನೂ ಬಿಚ್ಚಿ ನೋಡಬೇಕು. ಯಾವುದನ್ನು ತೆಗೆದಾಗ ಮೀಟರಿನ ಅಂಕಿ ಕುಸಿಯುತ್ತದೆಯೋ ಅದೇ ಅಪರಾಧಿ.

ಯಾವ ದೋಷವೂ ಇಲ್ಲದಿದ್ದರೆ?

ಮೂರೂ ಪರೀಕ್ಷೆಗಳಲ್ಲಿ ಬೈಕ್ ಗೆದ್ದರೆ ದೋಷ ಬಳಕೆಯದು. ಸರಸ್ವತಿಪುರಂನಿಂದ ಕುಕ್ಕರಹಳ್ಳಿ ಕೆರೆಗೋ ಮಾನಸಗಂಗೋತ್ರಿಗೋ ಹೋಗಿಬರುವ ದಾರಿ ಕೆಲವೇ ನಿಮಿಷಗಳದು. ಸ್ಟಾರ್ಟರ್ ಮೋಟಾರು ಮೂರು ಸೆಕೆಂಡು 50 ಆಂಪಿಯರ್ ಎಳೆದಿದೆ ಎಂದುಕೊಂಡರೆ, ಅದನ್ನು ಅರ್ಧ ಆಂಪಿಯರ್ ದರದಲ್ಲಿ ಮರಳಿ ತುಂಬಲು ಕನಿಷ್ಠ ಐದು ನಿಮಿಷ ಬೇಕು. ಅಷ್ಟರಲ್ಲಿ ಬೈಕ್ ನಿಂತು ಮತ್ತೆ ಸೆಲ್ಫ್ ಒತ್ತಿದರೆ ಜಮೆಗಿಂತ ಖರ್ಚೇ ಹೆಚ್ಚು. 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಓಡುವಷ್ಟು ಹೊತ್ತೂ ಉರಿಯುವುದು ಕಡ್ಡಾಯವಾದ್ದರಿಂದ ದೀಪ ಆರಿಸಿ ಉಳಿಸುವ ದಾರಿಯೂ ಇಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ನಿರಂತರ ಓಡಿಸುವುದೇ ಮದ್ದು. ದಸರಾ ರಜೆಗೆ ಊರಿಗೆ ಹೊರಡುವ ವಿದ್ಯಾರ್ಥಿಗಳು ನೆಗೆಟಿವ್ ತಂತಿ ಬಿಚ್ಚಿಟ್ಟು ಹೋಗುವುದು ಲೇಸು.

2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ಜಾರಿಯಾದ ಮೇಲೆ ಬಹುತೇಕ ಬೈಕ್‌ಗಳಿಗೆ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಬ್ಯಾಟರಿ ಪೂರ್ಣ ಸತ್ತರೆ ಪೆಟ್ರೋಲ್ ಪಂಪೇ ತಿರುಗದು. ಎಷ್ಟು ತಳ್ಳಿದರೂ ಎಂಜಿನ್ ಏಳುವ ಭರವಸೆಯಿಲ್ಲ. ಹಲವು ಮಾದರಿಗಳಲ್ಲಿ ಕಿಕ್ಕರ್ ಕೂಡ ಮಾಯವಾಗಿದೆ. ಹಾಗಾಗಿ ಮೊದಲ ಸೂಚನೆಗೇ ಎಚ್ಚೆತ್ತುಕೊಳ್ಳುವುದು ಹಿಂದೆಂದಿಗಿಂತ ಅಗತ್ಯ.

ಜಾವಾ ಊರಿನ ಹಳೆಯ ಬೈಕ್‌ಗಳು

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಮೈಸೂರಿಗರು ಇಂದಿಗೂ ಅಕ್ಕರೆಯಿಂದ ಓಡಿಸುತ್ತಾರೆ. ಹಳೆಯ ಜಾವಾಗಳದು 6 ವೋಲ್ಟ್ ವ್ಯವಸ್ಥೆ. ಅವುಗಳ ಲೆಕ್ಕವೇ ಬೇರೆ. ಮೂರು ಕೋಶಗಳ ಬ್ಯಾಟರಿ ತುಂಬಿದಾಗ 6.3ರಿಂದ 6.4 ವೋಲ್ಟ್ ತೋರಿಸಬೇಕು. ಡೈನಮೋದ ಇಂಗಾಲದ ಬ್ರಷ್ ಸವೆದರೆ ಚಾರ್ಜ್ ಆಗುವುದಿಲ್ಲ. ಕಟೌಟ್‌ನ ಪಾಯಿಂಟ್‌ಗಳು ಅಂಟಿಕೊಂಡರೆ ಬೈಕ್ ನಿಂತಾಗಲೂ ಬ್ಯಾಟರಿಯ ವಿದ್ಯುತ್ ಡೈನಮೋಗೆ ಹಿಂದಕ್ಕೆ ಹರಿದು, ಬೆಳಗಾಗುವಷ್ಟರಲ್ಲಿ ಬರಿದಾಗುತ್ತದೆ. ಇಂಥ ಬೈಕ್‌ಗೆ 12 ವೋಲ್ಟ್ ಚಾರ್ಜರ್ ಜೋಡಿಸಲೇಬಾರದು.

ಎಚ್ಚರಿಕೆಯ ಮಾತು

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಡುವ ಜಲಜನಕ ಕಿಡಿ ತಾಗಿದರೆ ಸ್ಫೋಟಿಸಬಲ್ಲದು. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರವಿಟ್ಟು ಚಾರ್ಜ್ ಮಾಡಬೇಕು. ಸಾಮರ್ಥ್ಯದ ಹತ್ತನೇ ಒಂದು ಭಾಗದ ದರ ಕ್ಷೇಮ. ಅಂದರೆ 5 ಆಂಪಿಯರ್ ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್. ಕಾರಿನ ದೊಡ್ಡ ಚಾರ್ಜರ್ ಬೇಡ. ಆಸಿಡ್ ಮೈಗೆ ಅಥವಾ ಕಣ್ಣಿಗೆ ತಾಗಿದರೆ ಧಾರಾಳವಾಗಿ ನೀರಿನಲ್ಲಿ ತೊಳೆಯುತ್ತಲೇ ಇರಬೇಕು. ಕಣ್ಣಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಸತ್ತ ಬ್ಯಾಟರಿಯನ್ನು ಕಸದ ತೊಟ್ಟಿಗೆ ಎಸೆಯುವಂತಿಲ್ಲ. ಒಳಗಿನ ಸೀಸ ಮಣ್ಣಿಗೂ ನೀರಿಗೂ ವಿಷ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದು ಮನೆಯ ಇತರ ಕಸದೊಂದಿಗೆ ಬೆರೆಯದೆ ಸಂಗ್ರಹ ಅಥವಾ ಮರುಬಳಕೆ ವ್ಯವಸ್ಥೆಗೆ ಸೇರಬೇಕು. ಹೊಸದನ್ನು ಕೊಳ್ಳುವಾಗ ಅಂಗಡಿಗೆ ಹಳೆಯದನ್ನು ಮರಳಿಸಿದರೆ ಬೆಲೆಯಲ್ಲೂ ಒಂದಿಷ್ಟು ರಿಯಾಯಿತಿ ಸಿಗುವುದುಂಟು. ಆದರೆ ಹಾಗೆ ಮರಳಿಸುವ ಮುನ್ನ ಅದು ನಿಜಕ್ಕೂ ಸತ್ತಿದೆಯೇ ಎಂದು ಮೀಟರನ್ನೊಮ್ಮೆ ಕೇಳುವುದು ಜಾಣತನ.