ಚಂದ್ರಗಿರಿಯಿಂದ ಬಡಗಿನ ಶಾಲೆಗಳು

ಕಾಸರಗೋಡು ಪೇಟೆಯ ತೆಂಕು ಬದಿಯಲ್ಲಿ ಹರಿದು ಕಡಲು ಸೇರುವ ಹೊಳೆಗೆ ಘಟ್ಟದ ಕಡೆಯವರು ಪಯಸ್ವಿನಿ ಎನ್ನುತ್ತಾರೆ, ಕಡಲ ಕಡೆಯವರು ಚಂದ್ರಗಿರಿ ಎನ್ನುತ್ತಾರೆ. 1967ರಲ್ಲಿ ರಾಜ್ಯಗಳ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಈ ಹೊಳೆಯನ್ನೇ ಗೆರೆಯಾಗಿ ಹಿಡಿದು, ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದಿತು. ಅದೇ ವರದಿಯನ್ನು ಬೆಳಗಾವಿಯ ವಿಷಯದಲ್ಲಿ ಮಹಾರಾಷ್ಟ್ರ ಒಪ್ಪಲಿಲ್ಲ, ಕಾಸರಗೋಡಿನ ವಿಷಯದಲ್ಲಿ ಕೇರಳ ಒಪ್ಪಲಿಲ್ಲ. ವರದಿ ಕಪಾಟು ಸೇರಿತು. ಕುಂಬಳೆ, ಬದಿಯಡ್ಕ, ನೀರ್ಚಾಲು, ಪೈವಳಿಕೆ, ಮಂಜೇಶ್ವರದ ಕಡೆ ಈಗ ಗಡಿಯ ಮಾತು ಎತ್ತುವವರು ಕಡಿಮೆ. ಶಾಲೆಯ ಮಾತು ಎತ್ತಿದರೆ ಮಾತ್ರ ಜನ ಇನ್ನೂ ಸೇರುತ್ತಾರೆ.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತೆಂಕು ತುದಿಯ ತಾಲೂಕು. ರಾಜ್ಯ ಪುನರ್ವಿಂಗಡಣಾ ಆಯೋಗ 1951ರ ಜನಗಣತಿ ಹಿಡಿದು, ತಾಲೂಕಿನಲ್ಲಿ ಮಲಯಾಳ ಮಾತಾಡುವವರು ಸುಮಾರು ಶೇ. 72 ಎಂದು ತೋರಿಸಿ ಇದನ್ನು ಕೇರಳಕ್ಕೆ ಸೇರಿಸಲು ಶಿಫಾರಸು ಮಾಡಿತು. ಲೆಕ್ಕ ಸುಳ್ಳಲ್ಲ. ಆದರೆ ಗಣತಿಯವರು ಕೇಳುವುದು ಮನೆಮಾತನ್ನು. ಇಲ್ಲಿಯ ಮನೆಗಳಲ್ಲಿ ತುಳು ಉಂಟು, ಕೊಂಕಣಿ ಉಂಟು, ಬ್ಯಾರಿ ಉಂಟು, ಮರಾಠಿ ಉಂಟು, ಹವ್ಯಕರ ಕನ್ನಡವೂ ಉಂಟು. ಇವರಲ್ಲಿ ಬಹಳಷ್ಟು ಮಂದಿ ಅಕ್ಷರ ತಿದ್ದಿದ್ದು, ಬ್ರಹ್ಮಕಲಶದ ಆಮಂತ್ರಣ ಅಚ್ಚು ಹಾಕಿಸಿದ್ದು, ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಕ್ಕೆ ರಾತ್ರಿಯಿಡೀ ಕೂತದ್ದು ಕನ್ನಡದಲ್ಲಿ. ಮನೆಯಲ್ಲಿ ತುಳುವ, ಶಾಲೆಯಲ್ಲಿ ಕನ್ನಡಿಗ ಆಗಿರುವವನಿಗೆ ಗಣತಿಯ ಪಟ್ಟಿಯಲ್ಲಿ ಸರಿಯಾದ ಕಾಲಮು ಇಲ್ಲ. ಈ ಊರುಗಳಲ್ಲಿ ಕನ್ನಡ ಸಮುದಾಯವೆಂಬುದನ್ನು ಕಟ್ಟಿದ್ದು ಬಹುಪಾಲು ಶಾಲೆಗಳೇ. ಶಾಲೆಯ ಕನ್ನಡ ಹೋದರೆ ಮನೆಯಲ್ಲಿ ಅದನ್ನು ಹುಡುಕಲು ಆಗುವುದಿಲ್ಲ. ಅಲ್ಲಿ ಇದ್ದದ್ದೇ ಬೇರೆ ಮಾತು. ಹೊರಗಿನಿಂದ ನೋಡುವವರಿಗೆ ಕನ್ನಡ ಬಾರದ ಒಬ್ಬ ಮೇಷ್ಟರ ನೇಮಕಕ್ಕೆ ಇಷ್ಟು ಗಲಾಟೆ ಏಕೆ ಎನಿಸುವುದು ಇದು ತಿಳಿಯದ್ದರಿಂದ.

ಕರ್ನಾಟಕಕ್ಕೆ ಸೇರಬೇಕೆಂಬ ಹೋರಾಟದ ಮುಂದಾಳುಗಳಲ್ಲೂ ಶಾಲೆಯ ಕಡೆಯಿಂದ ಬಂದವರಿದ್ದರು. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ನವಜೀವನ ಹೈಸ್ಕೂಲಿನ ಅಧ್ಯಾಪಕರು. ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಳ್ಳುವವರೆಗೂ ವಿಲೀನದ ಬೇಡಿಕೆ ಬಿಡಲಿಲ್ಲ. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಉಮೇಶ ರಾವ್ ಅವಿರೋಧವಾಗಿ ಗೆದ್ದರು. ಆಮೇಲೆ ಅಲ್ಲಿಂದ ಗೆದ್ದವರು ಕಳ್ಳಿಗೆ ಮಹಾಬಲ ಭಂಡಾರಿಯವರು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರು ಕಾನೂನು ಓದುವವರಿಗೆಲ್ಲ ಗೊತ್ತು. ಮಠದ ಜಮೀನಿಗಾಗಿ ಕೇರಳ ಸರಕಾರದ ಮೇಲೆ ಹೂಡಿದ ದಾವೆಯಲ್ಲಿ 1973ರಲ್ಲಿ ಹದಿಮೂರು ನ್ಯಾಯಮೂರ್ತಿಗಳ ಪೀಠ ಸಂವಿಧಾನದ ಮೂಲಸ್ವರೂಪದ ತತ್ತ್ವವನ್ನು ಹೇಳಿತು. ದೇಶಕ್ಕೆ ತತ್ತ್ವ ಸಿಕ್ಕಿತು, ಮಠಕ್ಕೆ ಜಮೀನು ದಕ್ಕಲಿಲ್ಲ. ಅದೇ ಮಠ ಎಡನೀರಿನಲ್ಲಿ ಶಾಲೆಯನ್ನೂ ನಡೆಸಿಕೊಂಡು ಬಂದಿದೆ.

ಕಾಗದದಲ್ಲಿ ರಕ್ಷಣೆಗೆ ಕೊರತೆ ಇಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣಕ್ಕೆ ಸೌಲಭ್ಯ ಕೊಡಿ ಎನ್ನುತ್ತದೆ. ಸರಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸಲು ಕೇರಳದ 1969ರ ಕಾಯ್ದೆಯಲ್ಲಿ ಅವಕಾಶವಿದೆ. ಪಠ್ಯಪುಸ್ತಕಗಳನ್ನು ಕನ್ನಡದಲ್ಲಿ ಅಚ್ಚು ಹಾಕುವುದೂ ಕೇರಳ ಸರಕಾರವೇ. ತೊಡಕು ಬರುವುದು ಪುಸ್ತಕದಲ್ಲಲ್ಲ, ಅದನ್ನು ಹಿಡಿದು ತರಗತಿಗೆ ಬರುವವರಲ್ಲಿ. ಸರಕಾರಿ ಶಾಲೆಗೆ ಅಧ್ಯಾಪಕರನ್ನು ಆರಿಸುವುದು ರಾಜ್ಯದ ಲೋಕಸೇವಾ ಆಯೋಗ, ಅಂದರೆ ಪಿಎಸ್‌ಸಿ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರು ಆಯ್ಕೆಯಾಗಿ ಬರುತ್ತಾರೆ, ಗಣಿತವನ್ನೋ ಸಮಾಜ ವಿಜ್ಞಾನವನ್ನೋ ಮಲಯಾಳದಲ್ಲಿ ಹೇಳುತ್ತಾರೆ. ಮಕ್ಕಳ ಮುಂದೆ ಕನ್ನಡ ಪುಸ್ತಕ, ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಪತ್ರಿಕೆ. ಆದೂರಿನಂಥ ಊರುಗಳಲ್ಲಿ ರಕ್ಷಕರು, ಮಕ್ಕಳು ಬೀದಿಗಿಳಿದದ್ದು ಇದಕ್ಕೇ. ತಕರಾರು ಎರ್ನಾಕುಳಂನ ಹೈಕೋರ್ಟಿನವರೆಗೂ ಹೋಯಿತು. 2018ರಲ್ಲಿ ಬಂದ ರಿಷಬ್ ಶೆಟ್ಟಿಯವರ ‘ಸರಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಸಿನಿಮಾದಲ್ಲಿ ನಗೆಗೆ ವಸ್ತುವಾದ, ಕನ್ನಡ ಬಾರದ ಗಣಿತದ ಮೇಷ್ಟರು ಇಲ್ಲಿಯವರಿಗೆ ಅಷ್ಟೇನೂ ನಗೆ ತರಿಸಿದವರಲ್ಲ.

ದೊಡ್ಡ ಜನಸ್ತೋಮ ಸೇರಿದ್ದು 2017ರಲ್ಲಿ. ಆ ಏಪ್ರಿಲಿನಲ್ಲಿ ಕೇರಳ ಸರಕಾರ ಹತ್ತನೆಯ ತರಗತಿಯವರೆಗೆ ಎಲ್ಲ ಶಾಲೆಗಳಲ್ಲೂ ಮಲಯಾಳ ಕಡ್ಡಾಯ ಮಾಡುವ ಸುಗ್ರೀವಾಜ್ಞೆ ತಂದಿತು. ಅಧ್ಯಾಪಕರ ಸಂಘ, ಕನ್ನಡ ಸಂಘಟನೆಗಳು, ಮಠದವರು, ಬೇರೆ ಬೇರೆ ಪಕ್ಷದವರು ಒಟ್ಟಾಗಿ ವಿದ್ಯಾನಗರದ ಕಲೆಕ್ಟರೇಟಿಗೆ ಮುತ್ತಿಗೆ ಹಾಕಿದರು. ಇಲ್ಲೊಂದು ಇರುಸುಮುರುಸಿನ ಮಾತನ್ನೂ ಹೇಳಬೇಕು: ಶಾಲೆಗಳಲ್ಲಿ ಕನ್ನಡ ಕಡ್ಡಾಯ ಮಾಡುವ ಕಾಯ್ದೆಯನ್ನು ಕರ್ನಾಟಕ 2015ರಲ್ಲೇ ಮಾಡಿಕೊಂಡಿತ್ತು. ಬೆಂಗಳೂರಿನಲ್ಲಿ ನ್ಯಾಯವೆನಿಸಿದ್ದು ಕಾಸರಗೋಡಿನಲ್ಲಿ ಹೇರಿಕೆಯೆನಿಸಿತು. ಎರಡೂ ಕಡೆ ಚಪ್ಪಾಳೆ ಹೊಡೆದವರಿಗೆ ಉತ್ತರ ಹೇಳುವ ಕಷ್ಟವಿದೆ. ನನಗೆ ತೋರುವ ವ್ಯತ್ಯಾಸ ಒಂದೇ: ಬದುಕಲು ಬೇರೆ ರಾಜ್ಯಕ್ಕೆ ಹೋದವರು ಒಂದು ಬಗೆ, ಕೂತಲ್ಲೇ ಇದ್ದು ರಾಜ್ಯ ಬದಲಾದವರು ಇನ್ನೊಂದು ಬಗೆ.

ಆದರೆ ಕಾನೂನಿಗಿಂತ ಹೆಚ್ಚು ಸದ್ದಿಲ್ಲದೆ ಕೆಲಸ ಮಾಡುವುದು ತಲೆಯೆಣಿಕೆ. ಜೂನ್‌ನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಎಣಿಸಿದ ಮಕ್ಕಳ ಮೇಲೆ ಅಧ್ಯಾಪಕರ ಹುದ್ದೆಗಳು ನಿಲ್ಲುತ್ತವೆ. ನಾಲ್ಕು ಮಕ್ಕಳು ಕಡಿಮೆಯಾದರೂ ಡಿವಿಷನ್ ಹೋಗಬಹುದು, ಹುದ್ದೆಯೂ ಅದರ ಹಿಂದೆಯೇ. ಧರಣಿಗೆ ಬಂದವರಲ್ಲೂ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ಸಿಗೆ ಹತ್ತಿಸುವವರು ಉಂಟು. ಇದನ್ನು ಇಲ್ಲಿಯ ಅಧ್ಯಾಪಕರೇ ಬೇಸರದಿಂದ ಹೇಳುತ್ತಾರೆ. ಕಾಸರಗೋಡಿನಿಂದ ಮಂಗಳೂರು ಐವತ್ತೇ ಕಿಲೋಮೀಟರ್, ಅಲ್ಲಿಯ ಕಾಲೇಜುಗಳ ಸೆಳೆತ ಬೇರೆ. ತಿರುವನಂತಪುರ ಅದರ ಹತ್ತು ಪಾಲಿಗಿಂತಲೂ ದೂರ.

ಮಲಯಾಳವೇ ಬೇಡವೆನ್ನುವವರು ಇಲ್ಲಿ ವಿರಳ. ಪೇಟೆಯಲ್ಲಿ, ಬಸ್ಸಿನಲ್ಲಿ, ಪಂಚಾಯತಿನಲ್ಲಿ ಅದು ಎಲ್ಲರ ಬಾಯಲ್ಲೂ ಇದೆ. ಸರಕಾರಿ ಕೆಲಸ ಬೇಕೆನ್ನುವ ಹುಡುಗರು ಆಸೆಪಟ್ಟೇ ಕಲಿಯುತ್ತಾರೆ. ರಕ್ಷಕರು ಕೇಳುವುದು ಬಹಳ ಸಣ್ಣದು. ಮಾಯಿಪ್ಪಾಡಿಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ಕನ್ನಡದಲ್ಲೇ ತರಬೇತಿ ಪಡೆದವರು ಇದ್ದಾರೆ, ಅಂಥವರಿಗೆ ಕೆಲಸ ಕೊಡಿ. ಕನ್ನಡ ಮಾಧ್ಯಮದ ಹುದ್ದೆಯ ಸಂದರ್ಶನಕ್ಕೆ ಕನ್ನಡ ಬಲ್ಲ ಒಬ್ಬರನ್ನಾದರೂ ಕೂರಿಸಿ, ಬಂದವರಿಂದ ಬೋರ್ಡಿನ ಮೇಲೆ ಒಂದು ಪಾಠ ಕನ್ನಡದಲ್ಲಿ ಮಾಡಿಸಿ ನೋಡಿ.