ಪಿರೈ ಕಂಡರೆ ರಜೆ

ಬ್ಯಾಂಕಿನವರಿಗೆ ರಜೆ ಅಂದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಅದರಡಿ ಸರ್ಕಾರ ವರ್ಷದ ಪಟ್ಟಿಯನ್ನು ಮೊದಲೇ ಹೊರಡಿಸುತ್ತದೆ. ಆದರೆ ರಂಜಾನ್ ಹಬ್ಬ ಪಟ್ಟಿಗೆ ಬಗ್ಗುವುದಿಲ್ಲ ನೋಡಿ! ಇಪ್ಪತ್ತೊಂಬತ್ತನೇ ಉಪವಾಸದ ಸಂಜೆ ಎಳೆಚಂದ್ರ ಕಂಡರೆ ಮಾರನೇ ದಿನ ಹಬ್ಬ, ಇಲ್ಲದಿದ್ದರೆ ಇನ್ನೊಂದು ಉಪವಾಸ. ತಮಿಳಿನಲ್ಲಿ ಆ ಚಂದ್ರನಿಗೆ ಪಿರೈ ಅನ್ನುತ್ತಾರೆ.

ಹಿಜರಿ ಎರಡನೇ ವರ್ಷ, ಅಂದರೆ 624ರಲ್ಲಿ, ಮದೀನಾದಲ್ಲಿ ಈ ಉಪವಾಸ ಕಡ್ಡಾಯವಾಯಿತು. ಮೊದಲ ಈದ್ ಕೂಡ ಆಗಲೇ. ಹಬ್ಬದ ನಮಾಜಿಗೆ ಮುಂಚೆ ಮನೆಯ ತಲೆಗಿಷ್ಟು ಅಂತ, ಕೂಸಿನ ಪಾಲೂ ಸೇರಿಸಿ, ಬಡವರಿಗೆ ಧಾನ್ಯ ಕೊಡಬೇಕು. ಅದೇ ಫಿತ್ರ್ ದಾನ. ಅವತ್ತು ಯಾರೂ ಕೈಚಾಚಬಾರದು ಅಂತ. ವರ್ಷ ಎಣಿಸುವ ಹಿಜರಿ ಶಕ ಜಾರಿಗೆ ಬಂದದ್ದು ಆಮೇಲೆ, ಖಲೀಫ ಉಮರ್ ಕಾಲದಲ್ಲಿ. ನಮ್ಮ ಪಂಚಾಂಗದ ಹಾಗೆ ಅಧಿಕ ಮಾಸ ಇಲ್ಲದ್ದರಿಂದ ವರ್ಷಕ್ಕೆ 354 ಅಥವಾ 355 ದಿನ. ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2000ದಲ್ಲಂತೂ ಜನವರಿಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ಬಂತು.

ನಮ್ಮೂರ ಕಡೆಯ ಬ್ಯಾರಿಗಳು ಇದಕ್ಕೆ ಪೆರ್ನಾಲ್ ಅನ್ನುತ್ತಾರೆ, ಇಲ್ಲಿ ಪಲ್ಲಾವರಂನಲ್ಲಿ ಪೆರುನಾಳ್. ಮಾತು ಒಂದೇ, ದಿನ ಮಾತ್ರ ಕೆಲವೊಮ್ಮೆ ಬೇರೆ. ಮಂಗಳೂರು, ಉಡುಪಿಯವರು ಕೇರಳ ಕರಾವಳಿಯ ಚಂದ್ರನನ್ನು ಒಪ್ಪುತ್ತಾರೆ. ತಮಿಳುನಾಡಿಗೆ ಇಲ್ಲಿನ ಮುಖ್ಯ ಕಾಜಿ ಹೇಳಬೇಕು. 2024ರಲ್ಲಿ ಮಂಗಳೂರಿನಲ್ಲಿ ಏಪ್ರಿಲ್ 10ಕ್ಕೆ ಈದ್, ಚೆನ್ನೈ ಬೆಂಗಳೂರಿನಲ್ಲಿ 11ಕ್ಕೆ. ಊರಿನ ಗೆಳೆಯ ಬಿರಿಯಾನಿಯ ಫೋಟೋ ಕಳಿಸಿದಾಗ ನಮ್ಮ ಬೀದಿಯಲ್ಲಿ ಇನ್ನೂ ನೋನ್ಬು ಗಂಜಿ ಹಂಚುತ್ತಿದ್ದರು.

ಇದು ನನ್ನ ತಲೆಗೆ ಹತ್ತಿದ್ದು ತಡವಾಗಿ. ತುಂಬಾ ವರ್ಷದ ಹಿಂದೆ, ಒಂದು ಶಾಖೆಯಲ್ಲಿ ಕ್ಯಾಶ್ ಸೇಫಿನ ಒಂದು ಕೀ ನನ್ನ ಹತ್ತಿರ, ಇನ್ನೊಂದು ಹೆಡ್ ಕ್ಯಾಶಿಯರ್ ಹತ್ತಿರ ಇತ್ತು. ಅವರು ಮುಸ್ಲಿಮರು. ಪಟ್ಟಿಯ ರಜೆಯ ಹಿಂದಿನ ಸಂಜೆ ಪಿರೈ ಕಾಣಲಿಲ್ಲ. ರಜೆ ಬದಲಾಗಲಿಲ್ಲ, ಹಬ್ಬ ಒಂದು ದಿನ ಮುಂದೆ ಹೋಯಿತು. ಸಿಕ್ಕ ರಜೆಯಲ್ಲಿ ನಾನು ಮನೆಯಲ್ಲಿ ಕ್ರಿಕೆಟ್ ನೋಡುತ್ತಾ ಕೂತೆ. ಒಂದು ಫೋನ್ ಮಾಡಿ, ಅವರ ಮನೆಗೆ ಹೋಗಿ ಕೀ ತಂದಿದ್ದರೆ ಆಗುತ್ತಿತ್ತು. ಹೊಳೆಯಲೇ ಇಲ್ಲ.

ಮಾರನೇ ದಿನ ಒಂಬತ್ತೂವರೆಗೆ ಅವರು ನಮಾಜು ಮುಗಿಸಿ ಹೊಸ ಬಟ್ಟೆಯಲ್ಲೇ ಬಂದರು. ಸೇಫ್ ತೆಗೆದು, ನೋಟು ಎಣಿಸಿ ಕೊಟ್ಟು, ಇನ್ನೊಬ್ಬರಿಗೆ ಕೀ ವಹಿಸಿ ರಿಜಿಸ್ಟರಿಗೆ ಸಹಿ ಹಾಕುವಷ್ಟರಲ್ಲಿ ಹನ್ನೊಂದು. ಮಗಳು ಹೊರಗೆ ಸ್ಕೂಟರಿನ ಮೇಲೆ ಕೂತು ಕಾಯುತ್ತಿದ್ದಳು. ನಾನು ತಪ್ಪಾಯಿತು ಅಂದೆ. "ಪರವಾಗಿಲ್ಲ ಸಾರ್" ಅಂತ ನನ್ನ ಮೇಜಿನ ಮೇಲೆ ಶಾವಿಗೆ ಪಾಯಸದ ಡಬ್ಬಿ ಇಟ್ಟು ಹೋದರು. ಇಡೀ ದಿನ ನೋಟಿನ ಕಟ್ಟುಗಳಲ್ಲಿ ಅತ್ತರಿನ ವಾಸನೆ.

ಆಮೇಲೆ ಯಾವ ಶಾಖೆಗೆ ಹೋದರೂ ರಂಜಾನಿನ ಕೊನೆಯ ವಾರ ಮೊದಲು ಕೀ ರಿಜಿಸ್ಟರ್ ನೋಡುತ್ತೇನೆ. ಇಪ್ಪತ್ತೊಂಬತ್ತನೇ ಸಂಜೆ ಟೆರೇಸಿಗೂ ಹೋಗುತ್ತೇನೆ. ನನ್ನ ಕಣ್ಣಿಗೆ ಬೀಳುವುದು ಮೀನಂಬಾಕ್ಕಂನಲ್ಲಿ ಇಳಿಯುವ ವಿಮಾನಗಳ ದೀಪವೇ ಜಾಸ್ತಿ ಅನ್ನಿ.